ಕಡಲಾಚೆಯ ಚಟ್ನಿ

ದಂಡಿನಶಿವರದ ಕಡೆಯವರಿಗೆ ತೆಂಗಿನಕಾಯಿಯ ವಿಷಯದಲ್ಲಿ ಸ್ವಲ್ಪ ಹಮ್ಮು ಉಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳ ನಡುವೆ ಬೆಳೆದ ನಾಲಗೆ ನಮ್ಮದು. ನನ್ನ ಹಮ್ಮು ಮುರಿದದ್ದು ಲಂಡನ್ನಿನ ಒಂದು ಉಪಾಹಾರ ಮಂದಿರದಲ್ಲಿ.

ಬೇಸಗೆಯ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದೆನು. ಊರು ಸುತ್ತಿ ಹಸಿದಿದ್ದಾಗ ದೋಸೆಯ ಚಿತ್ರವಿದ್ದ ಹಲಗೆ ಕಂಡು ಒಳಹೊಕ್ಕೆವು. ದೋಸೆ ಚೆನ್ನಾಗಿಯೇ ಇತ್ತು. ಚಟ್ನಿಯೋ, ಮರದ ಹೊಟ್ಟನ್ನು ನೀರಿನಲ್ಲಿ ಕದಡಿದಂತಿತ್ತು. ಬಡಿಸಿದ ಹುಡುಗನನ್ನು ಕರೆದು, "ಹಳಸಿದ ಕಾಯಿ ಹಾಕಿದ್ದೀರಿ" ಎಂದು ನಾಲ್ವರ ಮುಂದೆ ಗದರಿದೆನು. ಅವನು ತಲೆ ತಗ್ಗಿಸಿ, "ಹಳಸಿಲ್ಲ ಸಾರ್, ಒಣಪುಡಿಯಿಂದ ಮಾಡಿದ್ದು" ಎಂದನು. ಹಳಸಿದ್ದಕ್ಕೂ ಒಣಗಿದ್ದಕ್ಕೂ ಇರುವ ಭೇದವನ್ನು, ಮಕ್ಕಳಿಗೆ ಪದಾರ್ಥ ಹೇಳಿಕೊಡುವ ಪಂಡಿತನೇ ಮರೆತಿದ್ದನು.

ಭೇದವೇನೆಂದರೆ, ಹಸಿಕಾಯಿಯ ತಿರುಳಿನಲ್ಲಿ ಹೆಚ್ಚುಕಡಮೆ ಅರ್ಧಪಾಲು ನೀರು, ಮೂರನೆಯ ಒಂದು ಪಾಲು ಎಣ್ಣೆ. ರುಬ್ಬಿದಾಗ ಎಣ್ಣೆಯು ಕಣ್ಣಿಗೆ ಕಾಣದ ಹನಿಗಳಾಗಿ ನೀರಿನಲ್ಲಿ ಹರಡಿ ಹಾಲಾಗುತ್ತದೆ. ಚಟ್ನಿಯ ನುಣುಪು ಈ ಹಾಲಿನಿಂದ ಬಂದದ್ದು. ಕಾರ್ಖಾನೆಯ ಪುಡಿಯನ್ನಾದರೋ ಬಿಸಿಗಾಳಿಯಲ್ಲಿ ಒಣಗಿಸಿ, ನೀರನ್ನು ನೂರಕ್ಕೆ 3ರಷ್ಟಕ್ಕೆ ಇಳಿಸಿರುತ್ತಾರೆ. ಆದುದರಿಂದ ಅದು ಬೂಷ್ಟು ಹಿಡಿಯದೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಪರಿಮಳ ತಗ್ಗುತ್ತದೆ, ನಾರು ಬಿರುಸಾಗುತ್ತದೆ. ಮೇಲಾಗಿ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿದೇಶದ ತಣ್ಣೀರು ಹೊಯ್ದು ರುಬ್ಬಿದರೆ ಹಾಲು ಎಲ್ಲಿಂದ ಬರಬೇಕು?

ಮನೆಯ ಕೊಬ್ಬರಿಯನ್ನಾದರೂ ಒಯ್ಯಬಾರದಾಗಿತ್ತೆ ಎಂದು ನೀವು ಕೇಳಬಹುದು. ಒಯ್ದಿದ್ದೆನು, ವಿಮಾನ ನಿಲ್ದಾಣದಲ್ಲಿ ತೆಗೆಸಿಬಿಟ್ಟರು. ನಮ್ಮಲ್ಲಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ಅದೇ ಉಂಡೆಕೊಬ್ಬರಿ. ಅದರಲ್ಲಿ ನೂರಕ್ಕೆ 65ರಷ್ಟು ಎಣ್ಣೆ. ರಾಶಿ ಹಾಕಿದ ಕೊಬ್ಬರಿಗೆ ತೇವ ತಗುಲಿದರೆ ಒಳಗೊಳಗೇ ಕಾವು ಏರಿ, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವುದುಂಟು. ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳಲ್ಲಿ ಕೊಬ್ಬರಿಯು 1363ನೆಯ ಸಂಖ್ಯೆಯ ಅಪಾಯಕಾರಿ ಪದಾರ್ಥ! ನಮ್ಮ ಅಟ್ಟದ ಮೇಲೆ ಬೆಚ್ಚಗೆ ಮಲಗುವ ಈ ವಸ್ತುವಿಗೆ ಅಂಥ ಹೆಸರಿದೆಯೆಂದು ನಾನು ತಿಳಿದದ್ದು ಆಗಲೇ.

ಮರುದಿನ ಮಗಳ ಮನೆಯಲ್ಲಿ ಅದೇ ಬಗೆಯ ಪುಡಿಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಬೆಚ್ಚಗಿರುವಾಗಲೇ ನುಣ್ಣಗೆ ರುಬ್ಬಿದೆವು. ಊರಿನ ಚಟ್ನಿ ಆಗಲಿಲ್ಲ, ನಿಜ. ಹೊಟ್ಟಿನ ರುಚಿ ಮಾತ್ರ ಹೋಗಿತ್ತು. ಪರದೇಶದಲ್ಲಿ ಮಕ್ಕಳಿರುವ ಮನೆಯವರು ಈ ಉಪಾಯವನ್ನು ಬರೆದು ಕಳುಹಿಸಬಹುದು.

ಆ ಹುಡುಗನಿಗೂ ಇದನ್ನು ತಿಳಿಸಿ, ಆಡಿದ ಮಾತಿಗೆ ಕ್ಷಮೆ ಬೇಡೋಣವೆಂದು ಸಂಜೆ ಮತ್ತೆ ಹೋದೆನು. ಅಂದು ಅವನ ಸರದಿ ಇರಲಿಲ್ಲ. ಮಾರನೆಯ ಬೆಳಗ್ಗೆ ನಮ್ಮ ಪ್ರಯಾಣ. ಉಪಾಯವನ್ನು ಅಡುಗೆಯವರಿಗೆ ಹೇಳಿ ಬಂದೆನು. ಕ್ಷಮೆಯ ಮಾತು ನನ್ನಲ್ಲಿಯೇ ಉಳಿಯಿತು.