ಹಳೆಯ ವಿಂಡೋಸ್, ಹೊಸ ವಿಂಡೋಸ್ ಮತ್ತು ಮನೆಯ ಗುಟ್ಟು

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದಶಕಗಳ ಕಾಲ ಲಾಂಚ್‌ಗಾಗಿ ಕಾದು ನಿಂತಿದ್ದ ಸಿಗಂದೂರು, ತುಮರಿ ಭಾಗದವರಿಗೆ ಸಾಗರ ಪೇಟೆ ಹತ್ತಿರವಾಯಿತು. ಸರಿಯಾಗಿ ಮೂರು ತಿಂಗಳಿಗೆ, ಅಕ್ಟೋಬರ್ 14ರಂದು, ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿ ಅಂದು ನಿಲ್ಲಿಸಿತು.

ಬೆಂಬಲ ನಿಂತರೂ ಕಂಪ್ಯೂಟರ್ ಮೊದಲಿನಂತೆಯೇ ಓಡುತ್ತದೆ. ‘ಕೆಟ್ಟಿಲ್ಲವಲ್ಲ, ಬದಲಾಯಿಸುವುದೇಕೆ?’ ಎನ್ನುತ್ತಾರೆ ತಂದೆ. ‘ಹೊಸದು ಹಾಕಿಸೋಣ ಅಪ್ಪಾ’ ಎನ್ನುತ್ತಾಳೆ ಕಾಲೇಜಿಗೆ ಹೋಗುವ ಮಗಳು. ‘ಹೊಸ ವಿಂಡೋಸ್ ನಮ್ಮದನ್ನೆಲ್ಲ ಇಣುಕಿ ನೋಡುತ್ತದಂತೆ’ ಎಂಬ ಭಯ ತಾಯಿಯದು. ಅಂಕಪಟ್ಟಿ, ಆಧಾರ್ ಪ್ರತಿ, ತೋಟದ ಪಹಣಿ, ಬ್ಯಾಂಕಿನ ವಿವರ ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿರುವಾಗ ಈ ಚರ್ಚೆ ಸಣ್ಣದಲ್ಲ.

ಹಳೆಯದರಲ್ಲೇ ಉಳಿದರೆ?

ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಆಗಾಗ ಲೋಪಗಳು ಪತ್ತೆಯಾಗುತ್ತವೆ. ಕಂಪನಿ ಅವುಗಳಿಗೆ ತೇಪೆ ಹಾಕುತ್ತದೆ. ವಿಂಡೋಸ್ 11ಕ್ಕೆ ಹಾಕಿದ ತೇಪೆಯನ್ನು ಕಳ್ಳರೂ ಪರೀಕ್ಷಿಸುತ್ತಾರೆ. ಅದೇ ತೂತು ವಿಂಡೋಸ್ 10ರಲ್ಲಿ ಇದ್ದರೆ ಅಲ್ಲಿಂದ ನುಗ್ಗುತ್ತಾರೆ. ಹೀಗಾಗಿ ದಿನ ಕಳೆದಂತೆ ಹಳೆಯದರ ಅಪಾಯ ಹೆಚ್ಚುತ್ತದೆ. 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ತಿದ್ದುಪಡಿ ಕೊಡುವುದಾಗಿ ಕಂಪನಿ 2025ರಲ್ಲಿ ಪ್ರಕಟಿಸಿತು. ಅದು ನಿರ್ಧಾರಕ್ಕೆ ಸಿಕ್ಕ ಕಾಲಾವಕಾಶವೇ ಹೊರತು ಪರಿಹಾರವಲ್ಲ.

ಹೊಸದು ಇಣುಕುತ್ತದೆಯೇ?

ತಾಯಿಯ ಭಯ ಪೂರ್ತಿ ಸುಳ್ಳಲ್ಲ. ವಿಂಡೋಸ್ 11 ಬಳಕೆಯ ಕುರಿತ ಕೆಲವು ಮಾಹಿತಿಯನ್ನು ಕಂಪನಿಗೆ ಕಳುಹಿಸುತ್ತದೆ. ಅದರ ಮನೆಬಳಕೆಯ ಆವೃತ್ತಿ ಆರಂಭದಲ್ಲೇ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಆದರೆ ವಿಂಡೋಸ್ 10 ಕೂಡ ಇದನ್ನೇ ಮಾಡುತ್ತಿತ್ತು! ಮಿತಿಮೀರಿ ಮಾಹಿತಿ ಸಂಗ್ರಹಿಸುತ್ತಿದೆಯೆಂದು ಫ್ರಾನ್ಸಿನ ಮಾಹಿತಿ ಸಂರಕ್ಷಣಾ ಆಯೋಗ 2016ರಲ್ಲಿ ನೋಟಿಸು ಕೊಟ್ಟಿದ್ದು ಇದೇ ವಿಂಡೋಸ್ 10ರ ಬಗ್ಗೆ. ಕಂಪನಿ ತಿದ್ದಿಕೊಂಡ ಮೇಲೆ, 2017ರಲ್ಲಿ, ಪ್ರಕರಣ ಮುಗಿಯಿತು. ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಡುವ ‘ರೀಕಾಲ್’ ಸೌಲಭ್ಯವನ್ನು 2024ರಲ್ಲಿ ಪ್ರಕಟಿಸಿದಾಗಲೂ ಆಕ್ಷೇಪ ಎದ್ದಿತು. ಆಮೇಲೆ ಅದನ್ನು ಬಳಕೆದಾರರು ತಾವಾಗಿ ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ಬದಲಿಸಲಾಯಿತು. ವಿಶೇಷ ಚಿಪ್ ಇಲ್ಲದ ಹಳೆಯ ಕಂಪ್ಯೂಟರುಗಳಿಗೆ ಅದು ಬರುವುದೂ ಇಲ್ಲ.

ಅಂದರೆ ಹಳೆಯದರಲ್ಲೇ ಕೂತರೆ ಗುಟ್ಟು ಉಳಿಯುತ್ತದೆಂಬುದು ತಪ್ಪು ಲೆಕ್ಕ. ಕಂಪನಿಯ ಕಣ್ಣಿಗೆ ಕೊಂಚ ಪರದೆ ಎಳೆಯಬಹುದು. ಕಳ್ಳನಿಗೆ ತೆರೆದ ಬಾಗಿಲನ್ನು ಮುಚ್ಚುವುದು ತೇಪೆಯಿಲ್ಲದೆ ಕಷ್ಟ.

ಮೂರನೆಯ ದಾರಿ

ವಿಂಡೋಸ್ 11ಕ್ಕೆ ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ ಬೇಕು. ಹಳೆಯ ಅನೇಕ ಕಂಪ್ಯೂಟರುಗಳಲ್ಲಿ ಇದಿಲ್ಲ. ಹಾಗೆಂದು ಅವುಗಳನ್ನು ಗುಜರಿಗೆ ಹಾಕಬೇಕಿಲ್ಲ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ಕೇರಳದ ಸರಕಾರಿ ಶಾಲೆಗಳಲ್ಲಿ ಕಲಿಸುವುದು ಅದನ್ನೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಕನ್ನಡ ಟೈಪಿಸಲು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಅದರಲ್ಲಿದೆ. ಆದರೆ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ ಕಾಲೇಜಿಗೆ ಬೇಕೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಸಿಕ್ಕಿದೆ, ಆದರೆ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತಿದರೆ ಅದನ್ನು ನಾವೇ ಬಿಟ್ಟುಕೊಟ್ಟಂತೆ.

ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಕಂಪ್ಯೂಟರಿಗೆ ಅರ್ಹತೆಯಿದ್ದರೆ ವಿಂಡೋಸ್ 11 ಹಾಕಿಕೊಳ್ಳಿ. ಇಲ್ಲದಿದ್ದರೆ ಲಿನಕ್ಸ್ ನೋಡಿ. ವಿಂಡೋಸ್ ಹಾಕಿದ ದಿನವೇ ಸೆಟ್ಟಿಂಗ್ಸ್‌ನ ‘ಪ್ರೈವಸಿ’ ವಿಭಾಗ ತೆರೆದು ಜಾಹೀರಾತು ಗುರುತು, ಸ್ಥಳದ ಮಾಹಿತಿ, ಐಚ್ಛಿಕ ಮಾಹಿತಿ ರವಾನೆ ಈ ಮೂರನ್ನೂ ಬಂದ್ ಮಾಡಿ. ಮಗಳು ಒಂದೊಂದನ್ನೇ ಓದಿ ಹೇಳಲಿ, ತಂದೆತಾಯಿ ಕೇಳಿ ನಿರ್ಧರಿಸಲಿ. ಅರ್ಧ ಗಂಟೆಯ ಕೆಲಸ, ಅಷ್ಟೆ.