ಬೀದಿಮರದ ದಿಮ್ಮಿಯೂ ಸಂಚಾರಿ ಗರಗಸವೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟಿಗೆ ಹಂಪಿನಗರವೆಂಬ ಹೆಸರೂ ಉಂಟು. ಮುಂಗಾರಿಗೆ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೀಸುವ ಬಿರುಗಾಳಿಗೆ ನಗರದ ಹಳೆಯ ಬಡಾವಣೆಗಳಲ್ಲೆಲ್ಲ ಬೀದಿಮರಗಳು ಉರುಳುವುದು ವಾಡಿಕೆಯಾಗಿದೆ. ಮರವು ಉರುಳಿದೊಡನೆ ವಿದ್ಯುತ್ ತಂತಿಗಳನ್ನು ಬಿಡಿಸಿ ದಾರಿಯನ್ನು ತೆರವು ಮಾಡುವುದು ಮೊದಲ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅವಸರದಲ್ಲಿ ಕಾಂಡವನ್ನು ಇಬ್ಬರು ಎತ್ತಬಲ್ಲಷ್ಟು ಗಿಡ್ಡ ತುಂಡುಗಳಾಗಿ ಕತ್ತರಿಸಿಬಿಟ್ಟರೆ, ನಲವತ್ತು ವರ್ಷ ಬೆಳೆದ ಮರವು ಒಂದು ಗಂಟೆಯಲ್ಲಿ ಸೌದೆಯಾಗುತ್ತದೆ. ಅದು ಸೌದೆಯೇ ಆಗಬೇಕೆ, ಹಲಗೆಯಾಗಲು ಬಾರದೆ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಅಮೆರಿಕದ ಊರುಗಳಲ್ಲಿ ಈ ಬಗೆಯ ವಿಚಾರಕ್ಕೆ ಬೆಲೆಬಾಳುವ ಕಪ್ಪು ಅಖರೋಟು ಮರವು ನಿದರ್ಶನವಾಗಿದೆ. ಅಖರೋಟು ನಮ್ಮ ಬೀದಿಯ ಮರವಲ್ಲ. ಆದರೆ ನಮ್ಮ ಬಾಗೆ ಮರಕ್ಕೆ ಆಂಗ್ಲರ ಮರವ್ಯಾಪಾರದಲ್ಲಿ ‘ಈಸ್ಟ್ ಇಂಡಿಯನ್ ವಾಲ್‌ನಟ್’ ಎಂಬ ಹೆಸರಿದ್ದುದನ್ನು ವಾಚಕರು ಗಮನಿಸಬೇಕು. ಬಾಗೆಯ ಹತ್ತಿರದ ಬಂಧುವಾದ ಮಳೆಮರವು ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದು ಬೆಂಗಳೂರಿನ ಸಾಲುಮರವಾಯಿತು. ಇದರ ಕಂದು ಬಣ್ಣದ ಚೇಗಿನಿಂದ ಹವಾಯಿ ದ್ವೀಪಗಳಲ್ಲಿ ಬೋಗುಣಿಗಳನ್ನೂ ಪೀಠೋಪಕರಣಗಳನ್ನೂ ಮಾಡುತ್ತಾರೆ. ಮಹಾಗನಿ, ಸಿಲ್ವರ್ ಓಕ್ ಮರಗಳೂ ನಮ್ಮ ನಗರದಲ್ಲಿವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಸಸಿಗಳು ನೆಡಲ್ಪಟ್ಟವು. ಆ ಪೀಳಿಗೆಯ ಮರಗಳು ಈಗ ತುಂಬು ಗಾತ್ರಕ್ಕೆ ಬಂದಿರುವುದರಿಂದ ಈ ಪ್ರಶ್ನೆಯನ್ನು ಇನ್ನು ಮುಂದೂಡುವಂತಿಲ್ಲ.

ಹಿಂದೆ ಕಾಡಿನಲ್ಲಿಯೇ ಹಳ್ಳ ತೋಡಿ, ದಿಮ್ಮಿಯನ್ನು ಅದರ ಮೇಲೆ ಅಡ್ಡಲಾಗಿ ಇರಿಸಿ, ಒಬ್ಬನು ಮೇಲೆಯೂ ಇನ್ನೊಬ್ಬನು ಹಳ್ಳದಲ್ಲಿಯೂ ನಿಂತು ಉದ್ದ ಗರಗಸದಿಂದ ಹಲಗೆ ಕೊಯ್ಯುತ್ತಿದ್ದರು. ಆಗ ಗರಗಸವೇ ಮರವಿದ್ದೆಡೆಗೆ ಹೋಗುತ್ತಿತ್ತು. ಯಂತ್ರಯುಗದಲ್ಲಿ ಮರವು ಗರಗಸವಿದ್ದೆಡೆಗೆ ಬರಬೇಕಾಯಿತು. ಸಂಚಾರಿ ಗರಗಸವು ಹಳೆಯ ಕ್ರಮವನ್ನೇ ಎಂಜಿನಿನ ಬಲದಿಂದ ಮರಳಿ ತಂದಿದೆ. ಇದರಲ್ಲಿ ದಿಮ್ಮಿಯು ಚೌಕಟ್ಟಿನ ಮೇಲೆ ಅಲುಗದೆ ಮಲಗಿರುತ್ತದೆ. ಎರಡು ಗಾಲಿಗಳ ಮೇಲೆ ಸುತ್ತುವ ತೆಳುವಾದ ಉಕ್ಕಿನ ಪಟ್ಟಿಗರಗಸವು ಹಳಿಗಳ ಮೇಲೆ ಸರಿಯುತ್ತ, ಒಂದೊಂದು ಸಾರಿಗೂ ಒಂದೊಂದು ಹಲಗೆಯನ್ನು ಬಿಡಿಸುತ್ತದೆ.

ಪಟ್ಟಿಯು ತೆಳುವಾಗಿರುವುದರಿಂದ ಆಗುವ ಪ್ರಯೋಜನವನ್ನು ಲೆಕ್ಕದಿಂದ ತಿಳಿಯಬಹುದು. ಪಟ್ಟಿಗರಗಸದ ಪ್ರತಿ ಕೊಯ್ತದಲ್ಲಿ ಸುಮಾರು 2.5 ಮಿಲಿಮೀಟರ್ ಮರವು ಪುಡಿಯಾಗುತ್ತದೆ. ಸರಪಳಿ ಗರಗಸದಲ್ಲಿ ಸುಮಾರು 9 ಮಿಲಿಮೀಟರ್. 400 ಮಿಲಿಮೀಟರ್ ದಪ್ಪಕ್ಕೆ ಚೌಕ ಮಾಡಿದ ತೊಲೆಯಿಂದ 25 ಮಿಲಿಮೀಟರ್ ದಪ್ಪದ ಹಲಗೆಗಳನ್ನು ತೆಗೆದರೆ, ಮೊದಲನೆಯದರಿಂದ 14, ಎರಡನೆಯದರಿಂದ 12 ದೊರೆಯುತ್ತವೆ.

ಆದರೆ ಯಂತ್ರವು ಎಷ್ಟೇ ಉತ್ತಮವಾಗಿದ್ದರೂ ಗಿಡ್ಡ ತುಂಡಿನಿಂದ ಉದ್ದನೆಯ ಹಲಗೆಯನ್ನು ಕೊಡಲಾರದು. ಮರದ ಭವಿಷ್ಯವು ನಿರ್ಧಾರವಾಗುವುದು ಸಾಮಿಲ್ಲಿನಲ್ಲಲ್ಲ, ರಸ್ತೆಯಲ್ಲಿ ಬೀಳುವ ಮೊದಲ ಅಡ್ಡಕೊಯ್ತದಲ್ಲಿ. ಕಾಂಡದ ನೇರ ಭಾಗವನ್ನು 2.5 ಮೀಟರಿನಷ್ಟು ಉದ್ದಕ್ಕೆ ಉಳಿಸಿಕೊಳ್ಳುವುದು ಯುಕ್ತ. 60 ಸೆಂಟಿಮೀಟರ್ ಅಡ್ಡಳತೆಯ ಅಂತಹ ದಿಮ್ಮಿಯ ಗಾತ್ರ ಸುಮಾರು 0.7 ಘನಮೀಟರ್, ಹಸಿಮರದ ತೂಕವು ನೀರಿನ ತೂಕಕ್ಕೆ ಸಮೀಪವಾದುದರಿಂದ ಅದು ಏಳುನೂರು ಕಿಲೋಗ್ರಾಂ ತೂಗಬಹುದು. ಇದನ್ನೆತ್ತಲು ಆಳುಗಳು ಸಾಲರು, ಕ್ರೇನ್ ಬೇಕು. ಮನೆಗಳೂ ವಾಹನಗಳೂ ಒತ್ತೊತ್ತಾಗಿರುವ ಅಡ್ಡರಸ್ತೆಯಲ್ಲಿ ಯಂತ್ರವನ್ನು ಹೂಡುವುದು ಸಾಧ್ಯವಲ್ಲವಾದ್ದರಿಂದ ದಿಮ್ಮಿಯನ್ನು ಸಮೀಪದ ಬಯಲಿಗೆ ಸಾಗಿಸಬೇಕಾಗುತ್ತದೆ.

ಎರಡನೆಯ ತೊಡಕು ಕಬ್ಬಿಣ. ಬೀದಿಮರದ ಕಾಂಡದಲ್ಲಿ ಫಲಕಗಳಿಗೆ ಹೊಡೆದ ಮೊಳೆ, ಬಟ್ಟೆ ಒಣಗಿಸಲು ಕಟ್ಟಿದ ತಂತಿ, ಕೊಕ್ಕೆ ಮೊದಲಾದವು ಹುದುಗಿರುತ್ತವೆ. ಮರವು ವರ್ಷವರ್ಷವೂ ಹೊರಗಡೆಗೆ ಬೆಳೆಯುವುದರಿಂದ ಹಳೆಯ ಮೊಳೆಯು ಮೇಲೆ ಕಾಣದೆ ಒಳಗೆ ಮುಚ್ಚಿಹೋಗುತ್ತದೆ. ಒಂದೇ ಮೊಳೆಯು ಪಟ್ಟಿಯ ಹಲ್ಲುಗಳನ್ನು ಹಾಳುಮಾಡಬಲ್ಲುದು; ಪಟ್ಟಿಯು ತುಂಡಾಗಿ ಸಿಡಿದರೆ ಆಳಿಗೂ ಅಪಾಯ. ಆದುದರಿಂದ ಕೊಯ್ಯುವ ಮುನ್ನ ಲೋಹಶೋಧಕದಿಂದ ಪರೀಕ್ಷಿಸತಕ್ಕದ್ದು. ಕಬ್ಬಿಣವು ಮರದ ಟ್ಯಾನಿನ್ನಿನೊಡನೆ ಕೂಡಿ ನೀಲಿಗಪ್ಪು ಕಲೆಯನ್ನು ಬಿಡುತ್ತದೆ. ಕೊಯ್ಯುವಾಗ ಇಂತಹ ಗೆರೆ ಕಂಡರೆ ಮುಂದೆ ಕಬ್ಬಿಣವಿದೆಯೆಂದು ತಿಳಿದು ನಿಲ್ಲಿಸಬೇಕು.

ಕೊಯ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತೇವವು ಹಲಗೆಯ ಮೈಗಿಂತ ತುದಿಗಳಿಂದ ಬಹು ಬೇಗ ಆರುವುದರಿಂದ ಅಲ್ಲಿಂದಲೇ ಸೀಳು ಬಿಡುತ್ತದೆ. ದಿಮ್ಮಿಯ ತುದಿಗಳಿಗೆ ಮೇಣ ಅಥವಾ ಬಣ್ಣವನ್ನು ಬಳಿದು, ಹಲಗೆಗಳ ನಡುವೆ ಅರ್ಧ ಮೀಟರಿಗೊಂದರಂತೆ ಸಮದಪ್ಪದ ರೀಪುಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಅಟ್ಟಿ ಕಟ್ಟಬೇಕು. ಚೇಗಿನ ಹೊರಗಿನ ಬಿಳಿಯ ಮರದಲ್ಲಿ ಪಿಷ್ಟವಿರುವುದರಿಂದ ಕೊರಕ ಹುಳುಗಳು ಬೀಳುತ್ತವೆ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಅದಕ್ಕೆ ತಕ್ಕ ಉಪಾಯ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅರಣ್ಯ ಸಂಶೋಧನಾಲಯವು 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಮಲ್ಲೇಶ್ವರದಲ್ಲಿರುವ ಈ ಸಂಸ್ಥೆಯೂ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯೂ ಹಂಪಿನಗರಕ್ಕೆ ದೂರವಲ್ಲ. ಶಾಸ್ತ್ರವೂ ಕಸಬೂ ಎರಡೂ ನೆರೆಯಲ್ಲಿಯೇ ಇವೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಬೀದಿಮರಕ್ಕೆ ಬೆಲೆ ಬಂದರೆ ನಿಂತ ಮರಕ್ಕೂ ಕೊಡಲಿ ಬೀಳುವುದಿಲ್ಲವೆ? ಈ ಭಯವು ನಿರಾಧಾರವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಆದೇಶವಿತ್ತ ತರುವಾಯ ಸಾಮಿಲ್ಲುಗಳ ಪರವಾನಗಿಯೂ ಬಿಗಿಯಾಗಿದೆ. ಸಂಚಾರಿ ಗರಗಸವನ್ನು ತರುವವರು ಗಾಲಿಯಿದೆಯೆಂಬ ಕಾರಣದಿಂದ ಈ ನಿಯಮಗಳ ಹೊರಗಿದ್ದೇವೆಂದು ಭಾವಿಸದೆ ಅರಣ್ಯ ಇಲಾಖೆಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಇದರ ಮೇಲೆ, ಹಲಗೆಯು ಮಾರಾಟಕ್ಕೆ ಹೋಗದೆ ಸಾರ್ವಜನಿಕ ಉಪಯೋಗಕ್ಕೇ ಸಲ್ಲುವಂತೆ ಕಟ್ಟುಮಾಡಿದರೆ ಆಸೆಗೆ ಅವಕಾಶವಿರದು.

ಬಿದ್ದ ಮರಗಳೆಲ್ಲ ಹಲಗೆಗೆ ಯೋಗ್ಯವಲ್ಲ. ಟೊಳ್ಳು ಬಿದ್ದುದೂ, ಮೃದುವಾದ ಗುಲ್‌ಮೊಹರೂ, ಓರೆಯಾಗಿ ಬೆಳೆದು ಒಳಬಿಗಿತವುಳ್ಳ ಕೊಂಬೆಗಳೂ ಸೌದೆಗೇ ಸರಿ. ಉಳಿದವುಗಳಿಗೆ ಬೇಕಾದುದು ಮಳೆಗಾಲಕ್ಕೆ ಮೊದಲೇ ಮಾಡಿಕೊಂಡ ಮೂರು ಏರ್ಪಾಡುಗಳು ಮಾತ್ರ: ಉದ್ದವನ್ನು ಉಳಿಸಬೇಕೆಂಬ ಸೂಚನೆ, ಒಂದು ಕ್ರೇನ್, ಅಟ್ಟಿಗೆ ನೆರಳಿನ ಸ್ಥಳ. ಹಾಗಾದಲ್ಲಿ ಒಂದು ರಸ್ತೆಗೆ ನಲವತ್ತು ವರ್ಷ ನೆರಳಿತ್ತ ಮರವು ಅದೇ ಬಡಾವಣೆಯ ಗ್ರಂಥಾಲಯದಲ್ಲಿ ಓದುವ ಮೇಜಾಗಿ ಇನ್ನಷ್ಟು ವರ್ಷ ಬಾಳಬಹುದೆಂದು ನಾವು ನಂಬುತ್ತೇವೆ.