ಹುಣಸೆಮರದ ತಿರುವಿನ ಬಿಳಿ ಸೀರೆ

ನಮ್ಮೂರೊಳಗೆ ಬಸ್ ಬರೋದಿಲ್ಲ. ಹೈವೇ ಕ್ರಾಸಿನಲ್ಲಿ ಇಳಿದು ಮೂರು ಕಿಲೋಮೀಟರ್ ನಡೆಯಬೇಕು. ಕೆರೆ ಏರಿ ಮುಗಿಯುವಲ್ಲಿ ಒಂದು ತಿರುವು, ಹಳೇ ಹುಣಸೆಮರ. ರಾತ್ರಿ ಅಲ್ಲಿ ಬಿಳಿ ಸೀರೆಯವಳೊಬ್ಬಳು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸುತ್ತಾಳಂತೆ. ಹತ್ತಿಸಿಕೊಂಡರೆ ಸ್ವಲ್ಪ ದೂರದಲ್ಲಿ ಹಿಂದಿನ ಸೀಟು ಖಾಲಿ. ಪಾದ ಬೇರೆ ಹಿಂದುಮುಂದು. ಕಂಡವರು ಯಾರು ಅಂದರೆ ಎಲ್ಲರೂ ‘ಪಕ್ಕದೂರಿನವನೊಬ್ಬ’ ಅನ್ನುತ್ತಾರೆ. ಪಕ್ಕದೂರಿನವರು ನಮ್ಮೂರಿನ ಕಡೆ ಕೈ ತೋರಿಸುತ್ತಾರೆ!

ಇವಳು ನಮ್ಮೂರ ಸ್ವಂತ ಆಸ್ತಿ ಅಂದುಕೊಂಡಿದ್ದೆ. ಆದರೆ ಅಮೆರಿಕದ ರಿಚರ್ಡ್ ಬಿಯರ್ಡ್ಸ್ಲಿ, ರೋಸಲಿ ಹ್ಯಾಂಕಿ ಎಂಬ ಸಂಶೋಧಕರು 1942ರಲ್ಲೇ ಇಂಥ 79 ಕಥೆಗಳನ್ನು ಕಲೆಹಾಕಿದ್ದರು. ಶಿಕಾಗೊ ಹತ್ತಿರದ ಆರ್ಚರ್ ಅವೆನ್ಯೂನಲ್ಲಿ ಬಿಳಿ ಗೌನಿನ ‘ರೆಸರೆಕ್ಷನ್ ಮೇರಿ’ ಇದ್ದಾಳೆ. ಕಾರು ಹತ್ತುತ್ತಾಳೆ, ಸ್ಮಶಾನದ ಬಳಿ ಮಾಯವಾಗುತ್ತಾಳೆ. ಸಾಕ್ಷಿ ಕೇಳಿದರೆ ಅಲ್ಲೂ ‘ಸ್ನೇಹಿತನ ಸ್ನೇಹಿತ’ನೇ. ಜಾನಪದ ತಜ್ಞ ಜಾನ್ ಹೆರಾಲ್ಡ್ ಬ್ರನ್‌ವ್ಯಾಂಡ್ 1981ರಲ್ಲಿ ಈ ಮಾಯವಾಗುವ ಪ್ರಯಾಣಿಕಳ ಹೆಸರಲ್ಲೇ ಪುಸ್ತಕ ಬರೆದರು. ಬಾಗಿಲ ಮೇಲೆ ‘ನಾಳೆ ಬಾ’ ಬರೆದು ದೆವ್ವಕ್ಕೆ ವಾಯಿದೆ ಕೊಟ್ಟ ಜಾಣತನ ಮಾತ್ರ ನಮ್ಮದು.

ತಮಾಷೆ ಇಲ್ಲಿಗೆ ಮುಗಿಯಿತು. ಕಾಂಪಿಟೇಟಿವ್ ಪರೀಕ್ಷೆಯ ಕೋಚಿಂಗ್ ಮುಗಿಸಿ ನಾನು ಕ್ರಾಸಿನಲ್ಲಿ ಇಳಿಯುವಾಗ ಎಂಟೂವರೆ. ಒಂದು ರಾತ್ರಿ ಮಳೆ ಹನಿಯುತ್ತಿತ್ತು. ತಿರುವಿನ ಹತ್ತಿರ ಬೈಕಿನ ಬೆಳಕು ಕಂಡು ಕೈ ಅಡ್ಡ ಹಿಡಿದೆ. ನನ್ನದು ಬಿಳಿ ವೇಲು, ಕೈಯಲ್ಲಿ ಮೊಬೈಲ್ ಟಾರ್ಚು. ಬೈಕು ನಿಧಾನವಾಯಿತು, ಸವಾರ ಒಮ್ಮೆ ನೋಡಿದ, ‘ಆಂಜನೇಯಾ’ ಅಂತ ಕೂಗಿ ಎಕ್ಸಲೇಟರ್ ತಿರುವಿದ. ಹಿಂದೆ ಬಂದ ಇನ್ನೊಬ್ಬನೂ ನಿಲ್ಲಿಸಲಿಲ್ಲ. ಹುಡುಗರಿಗೆ ಇದೇ ರಸ್ತೆಯಲ್ಲಿ ಲಿಫ್ಟ್ ಸಲೀಸಾಗಿ ಸಿಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರು ಓಟಿ ಇದ್ದ ದಿನ ಒಬ್ಬರಿಗೊಬ್ಬರು ಕಾದು ಗುಂಪಾಗಿ ಬರುತ್ತಾರೆ.

ನನ್ನ ಗೆಳತಿಯ ಕೋಚಿಂಗ್ ಅಂತೂ ಈ ದೆವ್ವದಿಂದಲೇ ನಿಂತಿತು. ‘ಆ ದಾರೀಲಿ ಮೋಹಿನಿ ಇದೆ ಕಣಮ್ಮ, ಬೇಡ’ ಅಂದರು ಅವಳ ಅಜ್ಜಿ. ಅಜ್ಜಿಗೆ ಭಯ ಮೋಹಿನಿಯದ್ದಲ್ಲ, ಕತ್ತಲಲ್ಲಿ ಸಿಗಬಹುದಾದ ಗಂಡಸರದ್ದು ಅಂತ ನನ್ನ ಅನುಮಾನ. ಅದನ್ನು ಮೊಮ್ಮಗಳ ಮುಂದೆ ಬಾಯಿಬಿಟ್ಟು ಹೇಳೋದು ಕಷ್ಟ, ದೆವ್ವದ ಹೆಸರು ಹೇಳೋದು ಸುಲಭ.

ನಾವು ಐದು ಹುಡುಗಿಯರು ಸಹಿ ಹಾಕಿ ತಿರುವಿಗೊಂದು ಬೀದಿದೀಪ ಬೇಕೆಂದು ಪಂಚಾಯಿತಿಗೆ ಅರ್ಜಿ ಕೊಟ್ಟೆವು. ‘ಲೈಟ್ ಹಾಕಿದ್ರೆ ಅವಳು ಎಲ್ಲಿಗೆ ಹೋಗ್ಬೇಕ್ರಮ್ಮಾ?’ ಅಂತ ಅಲ್ಲಿದ್ದವರೊಬ್ಬರು ನಕ್ಕರು. ಆದರೂ ಮೂರು ತಿಂಗಳಿಗೆ ಕಂಬ ಬಂತು. ಬಲ್ಬು ಇನ್ನೂ ಬಂದಿಲ್ಲ. ಯಾರೋ ಆಗಲೇ ಕಂಬಕ್ಕೆ ನಿಂಬೆಹಣ್ಣು ಕಟ್ಟಿದ್ದಾರೆ.